ಮಲೆನಾಡಿನಲ್ಲಿ ಮನೆ ಸಾಲ: ಯಾರ ಬಳಿ, ಎಷ್ಟು, ಯಾವ ಷರತ್ತಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಸಾಲ ಎಂದರೆ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಬಡ್ಡಿ ಎಷ್ಟು?" ಎಂಬುದೇ. ಆದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಅರ್ಜಿ ನಿಂತುಹೋಗುವುದು ಬಡ್ಡಿಗಲ್ಲ, ಜಾಗದ ಕಾಗದಕ್ಕೆ. ಯಾವ ಬ್ಯಾಂಕು ನಿಮಗೆ ಸಾಲ ಕೊಡುತ್ತದೆ, ಎಷ್ಟು ಬಡ್ಡಿಗೆ ಕೊಡುತ್ತದೆ ಎಂಬುದನ್ನು ಅರ್ಧದಷ್ಟು ನಿಮ್ಮ ಖಾತೆ-ಪಹಣಿಯೇ ನಿರ್ಧರಿಸಿಬಿಟ್ಟಿರುತ್ತದೆ. ಅದಕ್ಕೇ ಇಲ್ಲಿ ಕಾಗದದ ಮಾತು ಮೊದಲು, ಬಡ್ಡಿಯ ಮಾತು ಆಮೇಲೆ.

ಬ್ಯಾಂಕಿಗೆ ಹೋಗುವ ಮುಂಚೆ ಯಾವ ಯಾವ ದಾಖಲೆ ಜೋಡಿಸಿಕೊಳ್ಳಬೇಕು?

ಪೇಟೆಯೊಳಗಿನ ನಿವೇಶನವಾದರೆ: ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಭೂಪರಿವರ್ತನೆ ಆದೇಶ, ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಸಂಬಂಧಪಟ್ಟ ಪ್ರಾಧಿಕಾರ ಅನುಮೋದಿಸಿದ ಲೇಔಟ್ ನಕ್ಷೆ, ಇ-ಖಾತೆ, ಈ ವರ್ಷದ ಕಂದಾಯ ಕಟ್ಟಿದ ರಸೀದಿ, ಕಟ್ಟಡ ಪರವಾನಗಿ. ಸೂಡಾ ಅಥವಾ ಕರ್ನಾಟಕ ಗೃಹ ಮಂಡಳಿ ಹಂಚಿದ ನಿವೇಶನವಾದರೆ ಹಂಚಿಕೆ ಪತ್ರ ಮತ್ತು ಸ್ವಾಧೀನ ಪತ್ರವೂ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ.

ಇಲ್ಲಿ ಒಂದಕ್ಷರದ ವ್ಯತ್ಯಾಸಕ್ಕೆ ಬಹಳ ಬೆಲೆ ಇದೆ. 11ಎ ಎಂದರೆ ಕ್ರಮಬದ್ಧ ಸ್ವತ್ತು. 11ಬಿ ಎಂದರೆ ಪಂಚಾಯಿತಿ ತೆರಿಗೆ ಕಟ್ಟಿಸಿಕೊಳ್ಳುತ್ತದೆ ಅಷ್ಟೇ, ಜಾಗ ಕ್ರಮಬದ್ಧ ಎಂದು ಒಪ್ಪಿಲ್ಲ. "ತೆರಿಗೆ ಕಟ್ಟುತ್ತಿದ್ದೇವಲ್ಲ" ಎಂಬ ವಾದ ಬ್ಯಾಂಕಿನ ವಕೀಲರ ಮುಂದೆ ನಡೆಯುವುದಿಲ್ಲ. ನಗರದ ಬಿ ಖಾತೆಗೂ ಇದೇ ಮಾತು. ಕೆಲವು ಹೌಸಿಂಗ್ ಫೈನಾನ್ಸ್ ಕಂಪನಿಗಳು 11ಬಿ ಅಥವಾ ಬಿ ಖಾತೆಗೂ ಸಾಲ ಕೊಡುತ್ತವೆ, ಆದರೆ ಮೊತ್ತ ಕಡಿಮೆ, ಬಡ್ಡಿ ಹೆಚ್ಚು.

ಜೊತೆಗೆ ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇ.ಸಿ. ವಕೀಲರು ಹಲವು ದಶಕಗಳ ಹಿಂದಿನಿಂದ ಕೇಳುತ್ತಾರೆ. 2004ರ ಏಪ್ರಿಲ್ ನಂತರದ್ದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದ್ದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೆ ಪುಸ್ತಕ ತೆಗೆಸಬೇಕಾದ್ದರಿಂದ ದಿನ ಹಿಡಿಯುತ್ತದೆ. ಇ.ಸಿ.ಯ ಸರ್ವೆ ನಂಬರು, ಚೆಕ್ಕುಬಂದಿ, ವಿಸ್ತೀರ್ಣ ಇವು ಕ್ರಯಪತ್ರಕ್ಕೆ ಅಕ್ಷರಶಃ ಹೊಂದುತ್ತವೆಯೇ ಎಂದು ನೀವೇ ಒಮ್ಮೆ ಬೆರಳಿಟ್ಟು ನೋಡಿ. ಉತ್ತರಕ್ಕೆ ರಸ್ತೆ ಎಂದಿರಬೇಕಾದ ಕಡೆ ದಕ್ಷಿಣಕ್ಕೆ ರಸ್ತೆ ಎಂದು ಬಿದ್ದಿದ್ದರೆ ತಿದ್ದುಪಡಿ ಪತ್ರ ಮಾಡಿಸಬೇಕು. ಅದಕ್ಕೆ ಮಾರಿದವರು ಬಂದು ಸಹಿ ಹಾಕಬೇಕು, ಅವರು ಅಷ್ಟರಲ್ಲಿ ಬೆಂಗಳೂರು ಸೇರಿರುತ್ತಾರೆ.

ತೋಟದಲ್ಲೇ ಮನೆ ಕಟ್ಟುತ್ತಿದ್ದೇವೆ, ಪಹಣಿ ನಮ್ಮದೇ ಹೆಸರಲ್ಲಿದೆ. ಆದರೂ ಗೃಹಸಾಲ ಇಲ್ಲ ಎನ್ನುತ್ತಾರಲ್ಲ, ಯಾಕೆ?

ಕಂತು ನಿಂತರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳುವ ಅಧಿಕಾರ ಬ್ಯಾಂಕಿಗೆ ಬರುವುದು 2002ರ ಸರ್ಫೇಸಿ ಕಾಯ್ದೆಯಿಂದ. ಆ ಕಾಯ್ದೆಯ 31ನೇ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಪಹಣಿಯಲ್ಲಿ ಕೃಷಿ ಎಂದಿರುವ ನೆಲದ ಮೇಲೆ ಎಷ್ಟೇ ಒಳ್ಳೆಯ ಆರ್‌ಸಿಸಿ ಮನೆ ಇದ್ದರೂ ಬ್ಯಾಂಕಿನ ಲೆಕ್ಕದಲ್ಲಿ ಅದು ಗಟ್ಟಿ ಅಡಮಾನವಲ್ಲ. ಮ್ಯಾನೇಜರ್ ಬೇಡವೆನ್ನುವುದು ನಿಮ್ಮ ಮೇಲಿನ ಅನುಮಾನಕ್ಕಲ್ಲ.

ದಾರಿ ಇದೆ. ಮನೆ ಕಟ್ಟುವ ಗುಂಟೆಗಳಿಗೆ ಮಾತ್ರ 11ಇ ನಕ್ಷೆ (ಆ ತುಂಡನ್ನು ಬೇರೆಯಾಗಿ ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ವಾಸದ ಉದ್ದೇಶಕ್ಕೆ ಪರಿವರ್ತನೆ ಪಡೆದು, ಪಂಚಾಯಿತಿಯಲ್ಲಿ ಇ-ಸ್ವತ್ತು ಮಾಡಿಸಿ, ಆ ತುಂಡನ್ನು ಮಾತ್ರ ಅಡವಿಡುವುದು. ಇದರಿಂದ ತೋಟವೂ ಸಾಲದ ಕೊಕ್ಕೆಯಿಂದ ಹೊರಗೆ ಉಳಿಯುತ್ತದೆ. ಹಾಗೆ ಮಾಡುವಾಗ ಮನೆಗೆ ಬರುವ ದಾರಿಯನ್ನೂ ನಕ್ಷೆಯಲ್ಲಿ ತೋರಿಸಿ. ಸುತ್ತ ತೋಟ, ನಡುವೆ ದಾರಿಯಿಲ್ಲದ ನಾಲ್ಕು ಗುಂಟೆ ಎಂದರೆ ಮೌಲ್ಯಮಾಪಕರು ಬೆಲೆಯನ್ನು ಅಲ್ಲೇ ಇಳಿಸುತ್ತಾರೆ. ಮನೆ ಇರುವುದು ಗ್ರಾಮಠಾಣಾ (ಊರಿನ ಮನೆಗಳಿಗೆಂದು ಗುರುತಿಸಿದ ಜಾಗ) ಗಡಿಯೊಳಗೆ ಆಗಿದ್ದರೆ ಪರಿವರ್ತನೆಯ ತಾಪತ್ರಯ ಇಲ್ಲ. ಹೀಗಾಗಿ ಮೊದಲು ಗ್ರಾಮ ನಕ್ಷೆಯಲ್ಲಿ ಅದನ್ನು ನೋಡಿ.

ಪಹಣಿಯ 11ನೇ ಕಾಲಂ ಮರೆಯಬೇಡಿ. ಸೊಸೈಟಿಯ ಬೆಳೆಸಾಲ ತೀರಿ ಎಷ್ಟೋ ವರ್ಷವಾದರೂ ಅಲ್ಲಿ ಋಣ ಹಾಗೇ ಕೂತಿರುತ್ತದೆ. ಸೊಸೈಟಿಯಿಂದ ತಿರುವಳಿ ಪತ್ರ ತಂದು ತೆಗೆಸಿಕೊಳ್ಳಬೇಕು.

ಹಕ್ಕುಪತ್ರದ ಜಾಗ, ಬಗರ್‌ಹುಕುಂ, ಮುಳುಗಡೆ ಸಂತ್ರಸ್ತರ ಜಾಗ, ಸೊಪ್ಪಿನಬೆಟ್ಟ: ಇವಕ್ಕೆ ಸಾಲ ಸಿಗುತ್ತದೆಯೇ?

ಒಂದೊಂದೂ ಬೇರೆ. ಸೊಪ್ಪಿನಬೆಟ್ಟದಲ್ಲಿ ನಿಮಗಿರುವುದು ಸೊಪ್ಪು-ಸೌದೆಯ ಸವಲತ್ತು, ಮಾಲೀಕತ್ವ ಅಲ್ಲ. ಆದ್ದರಿಂದ ಅಡಮಾನಕ್ಕೆ ಬರುವುದಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮವಾದಾಗ ಸಿಗುವ 94ಸಿ ಮತ್ತು 94ಸಿಸಿ ಹಕ್ಕುಪತ್ರಗಳಲ್ಲಿ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮವಾದಾಗ ಸಿಗುವ ಬಗರ್‌ಹುಕುಂ ಮಂಜೂರಾತಿಯಲ್ಲಿ ಪರಭಾರೆ ನಿಷೇಧದ ಷರತ್ತು ಇರುತ್ತದೆ. ಎಷ್ಟು ವರ್ಷ, ಬ್ಯಾಂಕಿಗೆ ಅಡವಿಡಲು ವಿನಾಯಿತಿ ಇದೆಯೇ ಎಂಬುದನ್ನು ಮಂಜೂರಾತಿ ಆದೇಶದಲ್ಲೇ ಓದಬೇಕು. ಪಕ್ಕದ ಮನೆಯವರಿಗೆ ಸಾಲ ಸಿಕ್ಕಿತು ಎಂಬುದು ಲೆಕ್ಕಕ್ಕಿಲ್ಲ, ಅವರ ಆದೇಶದ ವರ್ಷ, ಷರತ್ತು ಬೇರೆ ಇರಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಕೊಳ್ಳುವವರು 1978ರ ಪಿಟಿಸಿಎಲ್ ಕಾಯ್ದೆ ನೆನಪಿಡಬೇಕು: ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯ ಅಸಿಂಧು. 2023ರ ತಿದ್ದುಪಡಿಯ ನಂತರ, ಜಮೀನು ಮರಳಿ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ.

ಶರಾವತಿ ಮುಳುಗಡೆಯವರ ಎಷ್ಟೋ ಜಾಗಗಳು ದಾಖಲೆಯಲ್ಲಿ ಇನ್ನೂ ಅರಣ್ಯ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಆರು ದಶಕವಾಯಿತು, ಮೂರನೇ ತಲೆಮಾರು ಅದೇ ನೆಲದಲ್ಲಿ ಮನೆ ಕಟ್ಟಲು ಹೊರಟಿದೆ, ಬ್ಯಾಂಕು ಮಾತ್ರ ಕಾಗದವನ್ನಷ್ಟೇ ಓದುತ್ತದೆ. ಇಂಥ ಕಡೆ ಗೃಹಸಾಲದ ಬೆನ್ನು ಹತ್ತಿ ವಕೀಲರ ಶುಲ್ಕ, ಮೌಲ್ಯಮಾಪನ ಶುಲ್ಕ ಕಳೆದುಕೊಳ್ಳುವ ಬದಲು ಮೊದಲು ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರಿನ ಸ್ಥಿತಿ ತಿಳಿದುಕೊಳ್ಳಿ.

ಜಾಗ ಇನ್ನೂ ಅಜ್ಜನ ಹೆಸರಿನಲ್ಲಿದೆ. ಎಲ್ಲಿಂದ ಶುರು?

ಪೌತಿ ಖಾತೆಯಿಂದ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದರಿಂದ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಎಲ್ಲ ವಾರಸುದಾರರ ಹೆಸರಿಗೆ ಖಾತೆ, ಆಮೇಲೆ ನೋಂದಾಯಿತ ವಿಭಾಗ ಪತ್ರ, ನಂತರ ಪೋಡಿ (ಪಾಲಿನಂತೆ ಸರ್ವೆ ನಂಬರು ಬೇರ್ಪಡಿಸುವುದು). ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ಪಾಲು ಬ್ಯಾಂಕಿನಲ್ಲಿ ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಅತ್ತೆಯಂದಿರು, ಅಕ್ಕ-ತಂಗಿಯರು ಪಾಲು ಬೇಡವೆಂದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬೇಕು, ಬಾಯಿಮಾತು ಸಾಲದು. ಇದಕ್ಕೆಲ್ಲ ಆರು ತಿಂಗಳು ಇಟ್ಟುಕೊಳ್ಳಿ. ಪಾಯ ತೆಗೆದ ಮೇಲೆ ಈ ಕೆಲಸಕ್ಕೆ ಕೈಹಾಕಿದವರು ಕೈಸಾಲದ ಬಡ್ಡಿಯಲ್ಲಿ ಮನೆ ಎಬ್ಬಿಸುತ್ತಾರೆ.

ಎಷ್ಟು ಸಾಲ ಸಿಗುತ್ತದೆ? ನಮ್ಮ ಕೈಯಿಂದ ಎಷ್ಟು ಹಾಕಬೇಕು?

ಎರಡು ಮಿತಿಗಳಿವೆ, ಯಾವುದು ಕಡಿಮೆಯೋ ಅದು ನಿಮ್ಮ ಸಾಲ.

ಮೊದಲನೆಯದು ಆಸ್ತಿಯ ಬೆಲೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಗರಿಷ್ಠ. ಬೆಲೆ ಎಂದರೆ ಬ್ಯಾಂಕಿನ ಮೌಲ್ಯಮಾಪಕರು ಹಾಕಿದ ಬೆಲೆ, ನೀವು ಮಾತಾಡಿಕೊಂಡದ್ದಲ್ಲ. ಮುದ್ರಾಂಕ, ನೋಂದಣಿ ಶುಲ್ಕ ಈ ಲೆಕ್ಕಕ್ಕೆ ಸೇರುವುದಿಲ್ಲ (10 ಲಕ್ಷದೊಳಗಿನ ಮನೆಗೆ ಮಾತ್ರ ಸೇರಿಸಬಹುದು). ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ, ಸೆಸ್, ಸರ್ಚಾರ್ಜ್ ಕೂಡಿದರೆ ನಗರದಲ್ಲಿ ಸುಮಾರು ಶೇ 7.6. 35 ಲಕ್ಷದ ಮನೆಗೆ ಇದೇ 2.66 ಲಕ್ಷ. ಈ ದುಡ್ಡು ಪೂರ್ತಿ ನಿಮ್ಮ ಕೈಯದ್ದು. ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಮುದ್ರಾಂಕ ಉಳಿಸುವ ಹಳೆ ಚಾಳಿ ಇಲ್ಲಿ ತಿರುಗಿ ಬಡಿಯುತ್ತದೆ: ಪತ್ರದಲ್ಲಿ 20 ಲಕ್ಷ ಎಂದು ಬರೆದರೆ ಸಾಲದ ಲೆಕ್ಕವೂ ಅದರ ಮೇಲೇ ಬೀಳುತ್ತದೆ.

ಎರಡನೆಯದು ಆದಾಯ. ಎಲ್ಲ ಕಂತುಗಳೂ ಸೇರಿ ಕೈಗೆ ಬರುವ ಆದಾಯದ ಶೇ 50ರ ಆಸುಪಾಸು ಇರಬೇಕು ಎಂದು ಹೆಚ್ಚಿನ ಬ್ಯಾಂಕುಗಳು ನೋಡುತ್ತವೆ. ಕೈಗೆ 45,000 ಸಂಬಳ ಬರುವವರಿಗೆ 22,500. ಅದರಲ್ಲಿ ಕಾರಿನ ಕಂತು 5,000 ಹೋದರೆ 17,500 ಉಳಿಯಿತು. ಶೇ 8.5, 20 ವರ್ಷಕ್ಕೆ ಲಕ್ಷಕ್ಕೆ 868 ರೂಪಾಯಿ ಕಂತು ಎಂದರೆ ಸಿಗುವ ಸಾಲ ಸುಮಾರು 20 ಲಕ್ಷ. ಕಾರಿನ ಸಾಲ ತೀರಿಸಿ ಬಂದರೆ ಅದೇ ಸಂಬಳಕ್ಕೆ ಸುಮಾರು 26 ಲಕ್ಷ. ಹೆಂಡತಿಗೆ ಆದಾಯವಿದ್ದರೆ ಸಹ ಸಾಲಗಾರರಾಗಿ ಸೇರಿಸಿ. ಮಹಿಳೆ ಸಹ ಮಾಲೀಕರಾಗಿದ್ದರೆ ಹಲವು ಕಡೆ ಶೇ 0.05 ರಿಯಾಯಿತಿಯೂ ಇದೆ.

ನಮ್ಮದು ಅಡಿಕೆ ಆದಾಯ. ಸಂಬಳದ ಚೀಟಿ ಇಲ್ಲ, ತೆರಿಗೆ ರಿಟರ್ನ್ ಇಲ್ಲ. ಏನು ತೋರಿಸಬೇಕು?

ಪಹಣಿಯಲ್ಲಿ ಅಡಿಕೆ ಎಂದು ಬೆಳೆ ನಮೂದಾಗಿರಬೇಕು, ಇದು ಮೊದಲ ಷರತ್ತು. ನಂತರ ಕನಿಷ್ಠ ಮೂರು ವರ್ಷದ ಮಾರಾಟದ ಪಟ್ಟಿ, ಅಡಿಕೆ ಮಂಡಿಯದ್ದಾಗಲಿ, ಮ್ಯಾಮ್‌ಕೋಸ್, ಆಪ್ಸ್‌ಕೋಸ್‌ನಂಥ ಸಹಕಾರ ಸಂಘದ್ದಾಗಲಿ. ಆ ಹಣ ಬ್ಯಾಂಕ್ ಖಾತೆಗೆ ಬಂದಿರುವುದು ಪಾಸ್‌ಬುಕ್ಕಿನಲ್ಲಿ ಕಾಣಬೇಕು. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ನಗದಿಗೆ ಕೊಟ್ಟ ಅಡಿಕೆ, ಗೊನೆಯಲ್ಲೇ ಚೇಣಿಗೆ (ಫಸಲು ಗುತ್ತಿಗೆಗೆ) ಕೊಟ್ಟ ತೋಟ ಬ್ಯಾಂಕಿನ ಕಣ್ಣಿಗೆ ಆದಾಯವೇ ಅಲ್ಲ. ಮನೆ ಕಟ್ಟುವ ಯೋಚನೆ ಬಂದ ದಿನದಿಂದಲೇ ಪಟ್ಟಿ ಮೂಲಕ ಮಾರಿ, ಚೆಕ್ಕಿನಲ್ಲಿ ತೆಗೆದುಕೊಳ್ಳಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿ ಅದರಲ್ಲಿ ಕೃಷಿ ಆದಾಯ ನಮೂದಿಸುವುದು ಅಡ್ಡಿಯಿಲ್ಲ, ಎರಡು-ಮೂರು ವರ್ಷದ ರಿಟರ್ನ್ ಇದ್ದವರ ಕಡತ ಬೇಗ ಸಾಗುತ್ತದೆ.

ಬ್ಯಾಂಕು ಕೊಳೆರೋಗ, ಬೆಲೆ ಏರಿಳಿತ ಎಲ್ಲ ಲೆಕ್ಕ ಹಾಕಿ ಆದಾಯವನ್ನು ತಗ್ಗಿಸಿಯೇ ಹಿಡಿಯುತ್ತದೆ. ನೀವೂ ಹಾಗೇ ಮಾಡಿ: ರಾಶಿ ಅಡಿಕೆಗೆ ಒಳ್ಳೆ ಧಾರಣೆ ಬಂದ ವರ್ಷವನ್ನು ಆಧಾರವಾಗಿಟ್ಟು 20 ವರ್ಷದ ಕಂತು ಒಪ್ಪಿಕೊಳ್ಳಬೇಡಿ. ಕಂತು ತಿಂಗಳಿಗೊಮ್ಮೆ, ಅಡಿಕೆ ದುಡ್ಡು ವರ್ಷಕ್ಕೊಮ್ಮೆ. ಕನಿಷ್ಠ ಆರು ಕಂತಿನಷ್ಟು ಹಣ ಪ್ರತ್ಯೇಕ ಖಾತೆಯಲ್ಲಿ ಇಟ್ಟೇ ಸಾಲಕ್ಕೆ ಕೈಹಾಕಿ. ಕೃಷಿ ಆದಾಯದವರಿಗೆ ಆರು ತಿಂಗಳ ಅಥವಾ ವರ್ಷದ ಕಂತಿನ ಅವಕಾಶ ಇದೆಯೇ ಎಂದು ನಿಮ್ಮ ಶಾಖೆಯಲ್ಲಿ ಕೇಳಿ.

ಸಿಬಿಲ್ ಸ್ಕೋರು ಎಷ್ಟಿರಬೇಕು?

ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬುದಕ್ಕೆ ಸಿಗುವ ಅಂಕವೇ ಈ ಸ್ಕೋರು, 300ರಿಂದ 900ರವರೆಗೆ. 750ರ ಮೇಲಿದ್ದರೆ ಒಳ್ಳೆಯ ದರಕ್ಕೆ ಚೌಕಾಸಿ ಮಾಡಬಹುದು. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ಅರ್ಜಿಗೆ ಮೂರು ತಿಂಗಳ ಮುಂಚೆಯೇ ತೆಗೆದು ನೋಡಿ. ನಮ್ಮ ಕಡೆ ಸ್ಕೋರು ಕೆಡಿಸುವುದು ಹೆಚ್ಚಾಗಿ ಸ್ವಂತ ಸಾಲವಲ್ಲ, ಜಾಮೀನು. ನೆಂಟರ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಸಹಿ ನಿಮ್ಮ ವರದಿಯಲ್ಲೂ ಇರುತ್ತದೆ. ಮರೆತುಹೋದ ಚಿನ್ನದ ಸಾಲ, ಮೊಬೈಲ್ ಕೊಂಡಾಗಿನ ಸಣ್ಣ ಕಂತು ಕೂಡ ಹಾಗೇ. ಮತ್ತೊಂದು: ಏಳೆಂಟು ಕಡೆ ಒಟ್ಟಿಗೆ ಅರ್ಜಿ ಗುಜರಾಯಿಸಬೇಡಿ, ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ದರ ವಿಚಾರಿಸುವುದು ಬೇರೆ, ಅರ್ಜಿಗೆ ಸಹಿ ಹಾಕುವುದು ಬೇರೆ.

ರಾಷ್ಟ್ರೀಕೃತ ಬ್ಯಾಂಕು, ಹೌಸಿಂಗ್ ಫೈನಾನ್ಸ್, ಪಟ್ಟಣ ಸಹಕಾರಿ ಬ್ಯಾಂಕು: ಯಾವುದು ಒಳ್ಳೆಯದು?

ಕಾಗದ ಶುದ್ಧವಾಗಿದ್ದರೆ, ಆದಾಯಕ್ಕೆ ದಾಖಲೆ ಇದ್ದರೆ, ವಾಣಿಜ್ಯ ಬ್ಯಾಂಕನ್ನು ಬಿಟ್ಟು ಬೇರೆ ಕಡೆ ಹೋಗಲು ಕಾರಣ ಕಡಿಮೆ. 2019ರ ಅಕ್ಟೋಬರ್ 1ರಿಂದ ಈ ಬ್ಯಾಂಕುಗಳು ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲವನ್ನು ರೆಪೊದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಕಟ್ಟಿಹಾಕಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಸರಿಪಡಿಸಬೇಕು. ರೆಪೊ ಇಳಿದರೆ ನಿಮ್ಮ ಬಡ್ಡಿಯೂ ಇಳಿಯಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟು ಇಲ್ಲ. ಅವರ ಮೂಲ ದರ ಅವರೇ ನಿಗದಿ ಮಾಡುವಂಥದ್ದು, ಏರುವಾಗ ಚುರುಕು, ಇಳಿಯುವಾಗ ನಿಧಾನ. ಆದರೆ ಕಾಗದದಲ್ಲಿ ಸಣ್ಣ ಕೊರತೆ ಇದ್ದವರಿಗೆ, ಅಂಗಡಿ-ಕ್ಯಾಂಟೀನಿನಂಥ ನಗದು ವ್ಯಾಪಾರದವರಿಗೆ ಬಾಗಿಲು ತೆರೆಯುವವರು ಅವರೇ.

ಸಹಕಾರಿ ಬ್ಯಾಂಕಿನಲ್ಲಿ ನಿಮ್ಮನ್ನು, ನಿಮ್ಮ ತೋಟವನ್ನು ಬಲ್ಲವರು ಇರುತ್ತಾರೆ, ತೀರ್ಮಾನ ಊರಿನಲ್ಲೇ ಆಗುತ್ತದೆ. ಆದರೆ ಅವಧಿ ಕಡಿಮೆ, ದರ ಸ್ವಲ್ಪ ಹೆಚ್ಚು ಇರುವುದು ಸಾಮಾನ್ಯ, ಜೊತೆಗೆ ಷೇರು ಹಣ, ಇಬ್ಬರು ಜಾಮೀನುದಾರರು ಎಂದೆಲ್ಲ ಬರುತ್ತದೆ. ಸೌಹಾರ್ದ ಸಹಕಾರಿ ಸಂಘ ಬೇರೆ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕು ಬೇರೆ. ಹೆಸರಿನಲ್ಲಿ ಬ್ಯಾಂಕು ಎಂಬ ಪದ ಇದೆಯೇ ನೋಡಿ. ಕೆಳಗೆ ಬರುವ ರಿಸರ್ವ್ ಬ್ಯಾಂಕ್ ನಿಯಮಗಳು ಸಂಘಗಳಿಗೆ ಅನ್ವಯಿಸುವುದಿಲ್ಲ.

ಫ್ಲೋಟಿಂಗ್ ಬಡ್ಡಿ ಏರಿದರೆ ಏನಾಗುತ್ತದೆ? ಕಂತು ಹಾಗೇ ಇದೆಯಲ್ಲ?

ಕಂತು ಹಾಗೇ ಇರುವುದೇ ತೊಂದರೆ. 2020ರ ಮೇಯಲ್ಲಿ ರೆಪೊ ಶೇ 4 ಇತ್ತು, 2023ರ ಫೆಬ್ರುವರಿಗೆ 6.5 ಆಯಿತು. 25 ಲಕ್ಷವನ್ನು ಶೇ 7ಕ್ಕೆ 20 ವರ್ಷಕ್ಕೆ ತೆಗೆದವರ ಕಂತು 19,382. ಸಾಲ ತೆಗೆದ ಹೊಸದರಲ್ಲೇ ದರ 8 ಆಗಿ ಕಂತು ಬದಲಿಸದಿದ್ದರೆ ಅವಧಿ 24 ವರ್ಷ ದಾಟುತ್ತದೆ. 9 ಆದರೆ 38 ವರ್ಷ. 9.5 ಆದರೆ ತಿಂಗಳ ಬಡ್ಡಿಯೇ 19,792, ಅಂದರೆ ಕಂತು ಬಡ್ಡಿಗೂ ಸಾಲದು, ಅಸಲು ಪ್ರತಿ ತಿಂಗಳು ಬೆಳೆಯುತ್ತದೆ.

ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆಯ ಪ್ರಕಾರ ದರ ಸರಿಪಡಿಸುವಾಗ ಕಂತು ಹೆಚ್ಚಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬ ಆಯ್ಕೆ ನಿಮ್ಮದು. ಬ್ಯಾಂಕಿನಿಂದ ಎಸ್ಎಂಎಸ್ ಬಂದಾಗ ಸುಮ್ಮನೆ ಕೂತರೆ ಅವಧಿ ತಾನಾಗಿಯೇ ಹಿಗ್ಗಬಹುದು. ಕಂತು ಹೆಚ್ಚಿಸಿ ಎಂದು ಬರೆದುಕೊಡಿ. ದರ ಇಳಿದಾಗ ಇದರ ತಿರುವು: ಕಂತನ್ನು ಇಳಿಸಲು ಹೇಳಬೇಡಿ, ಹಾಗೇ ಬಿಟ್ಟರೆ ಅವಧಿ ಕರಗುತ್ತದೆ.

ಫಿಕ್ಸೆಡ್ ಎಂದು ಹೇಳುವ ಬಹುತೇಕ ಸಾಲ ಮೊದಲ ಎರಡು-ಮೂರು ವರ್ಷಕ್ಕಷ್ಟೇ ಫಿಕ್ಸೆಡ್. ಒಪ್ಪಂದದಲ್ಲಿ ದರ ಮರುನಿಗದಿಯ ಕಲಮು ಹುಡುಕಿ ಓದಿ.

ಎಷ್ಟು ವರ್ಷಕ್ಕೆ ತೆಗೆಯಬೇಕು?

25 ಲಕ್ಷ, ಶೇ 8.5ಕ್ಕೆ ಲೆಕ್ಕ ಹೀಗಿದೆ. 15 ವರ್ಷ: ಕಂತು 24,618, ಒಟ್ಟು ಬಡ್ಡಿ 19.3 ಲಕ್ಷ. 20 ವರ್ಷ: 21,696, ಬಡ್ಡಿ 27 ಲಕ್ಷ. 30 ವರ್ಷ: 19,223, ಬಡ್ಡಿ 44.2 ಲಕ್ಷ. 20ರಿಂದ 30ಕ್ಕೆ ಹೋದರೆ ತಿಂಗಳಿಗೆ ಉಳಿಯುವುದು 2,473 ರೂಪಾಯಿ, ಕೊಡುವುದು 17 ಲಕ್ಷ ಹೆಚ್ಚು. ಆದಾಯ ಏರುಪೇರಿರುವ ಕೃಷಿಕರಿಗೆ 20 ವರ್ಷಕ್ಕೆ ತೆಗೆದು, ಒಳ್ಳೆ ವರ್ಷದಲ್ಲಿ ಹೆಚ್ಚುವರಿ ಕಟ್ಟುವುದು ಸರಿಹೊಂದುತ್ತದೆ. ಸಂಬಳದವರು 15 ವರ್ಷ ತಾಳಿಕೊಳ್ಳಬಹುದೇ ಎಂದು ಮೊದಲು ನೋಡಲಿ.

ಎರಡು ಬ್ಯಾಂಕುಗಳನ್ನು ಹೋಲಿಸುವುದು ಹೇಗೆ?

ಬಾಯಲ್ಲಿ ಹೇಳಿದ ದರ ಬಿಡಿ, "ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್" ಕೇಳಿ. 2024ರ ಅಕ್ಟೋಬರ್ 1ರ ನಂತರದ ಸಾಲಗಳಿಗೆ ಇದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಕಡ್ಡಾಯ, ಕನ್ನಡದಲ್ಲೇ ಕೇಳಬಹುದು. ಅದರಲ್ಲಿ ವಾರ್ಷಿಕ ಒಟ್ಟು ದರ, ಅಂದರೆ ಎಪಿಆರ್, ಶುಲ್ಕಗಳನ್ನೂ ಸೇರಿಸಿ ಬರೆದಿರುತ್ತದೆ. ಹೋಲಿಸಬೇಕಾದ್ದು ಆ ಸಂಖ್ಯೆಯನ್ನು. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ.

25 ಲಕ್ಷಕ್ಕೆ 20 ವರ್ಷದಲ್ಲಿ ಕಾಲು ಪರ್ಸೆಂಟ್ ಎಂದರೆ ತಿಂಗಳಿಗೆ 394 ರೂಪಾಯಿ, ಒಟ್ಟು ಸುಮಾರು 94,500. ಪ್ರೊಸೆಸಿಂಗ್ ಶುಲ್ಕ ಶೇ 0.35 ಎಂದರೆ 8,750, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 10,325. ಶುಲ್ಕ ಮನ್ನಾ ಎಂಬ ಹಬ್ಬದ ಕೊಡುಗೆಗಿಂತ ಕಾಲು ಪರ್ಸೆಂಟ್ ದೊಡ್ಡದು. ರೆಪೊ ಮೇಲೆ ಸೇರಿಸುವ ಸ್ಪ್ರೆಡ್ ಎಷ್ಟು ಎಂದು ಪ್ರತ್ಯೇಕವಾಗಿ ಕೇಳಿ, ಮುಂದೆ ವರ್ಷಗಟ್ಟಲೆ ನಿಮ್ಮ ಜೊತೆ ಬರುವುದು ಅದೇ.

ಸಾಲದ ಜೊತೆ ವಿಮೆ ಮಾಡಿಸಲೇಬೇಕು ಎನ್ನುತ್ತಾರೆ. ಕಡ್ಡಾಯವೇ?

ಇಂಥದೇ ಕಂಪನಿಯ ಪಾಲಿಸಿ ತೆಗೆದುಕೊಳ್ಳಿ ಎಂದು ಒತ್ತಾಯಿಸುವಂತಿಲ್ಲ. 60,000 ರೂಪಾಯಿಯ ಒಂದೇ ಕಂತಿನ ಪ್ರೀಮಿಯಂ ಸಾಲಕ್ಕೇ ಸೇರಿಸಿದರೆ, ಶೇ 8.5ರಲ್ಲಿ 20 ವರ್ಷಕ್ಕೆ ಅದು 1.25 ಲಕ್ಷ ಆಗುತ್ತದೆ. ಮನೆಯ ದುಡಿಯುವವರ ಮೇಲೆ ಸಾಲದಷ್ಟು ಮೊತ್ತಕ್ಕೆ ಬೇರೆ ಟರ್ಮ್ ಪಾಲಿಸಿ ಇದ್ದರೆ ಸಾಕು, ಬ್ಯಾಂಕು ಬದಲಿಸಿದರೂ ಅದು ನಿಮ್ಮದೇ. ಕಟ್ಟಡದ ವಿಮೆ ಮಾತ್ರ ತೆಗೆದುಕೊಳ್ಳಿ. ಗುಡ್ಡದ ಬುಡದ ಮನೆಯಾದರೆ ಭೂಕುಸಿತ, ನೆರೆ ಸೇರಿದೆಯೇ ಎಂದು ಪಾಲಿಸಿ ಓದಿ ನೋಡಿ.

ಮನೆ ಕಟ್ಟುವಾಗ ಹಣ ಹೇಗೆ ಬರುತ್ತದೆ? ಮಳೆಗಾಲದಲ್ಲಿ ಏನು ಮಾಡುವುದು?

ಹಂತ ಹಂತವಾಗಿ: ಪಾಯ, ಲಿಂಟಲ್, ಸ್ಲಾಬ್, ಗಾರೆ, ಕೊನೆಯ ಕೆಲಸ. ಪ್ರತಿ ಹಂತ ಮುಗಿದ ಮೇಲೆ ಎಂಜಿನಿಯರ್ ಬಂದು ನೋಡಿ, ಫೋಟೊ ತೆಗೆದು, ನಂತರ ಹಣ. 32 ಲಕ್ಷದ ಅಂದಾಜಿಗೆ 25 ಲಕ್ಷ ಮಂಜೂರಾದರೆ ನಿಮ್ಮ 7 ಲಕ್ಷ ಮೊದಲು ಖರ್ಚಾಗಿರಬೇಕು ಎಂದು ಕೇಳುತ್ತಾರೆ. ಅಂದರೆ ಪಾಯದ ದುಡ್ಡು ನಿಮ್ಮದೇ.

ಮಲೆನಾಡಿನಲ್ಲಿ ಲೆಕ್ಕ ತಪ್ಪುವುದು ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ನಿಲ್ಲುತ್ತದೆ, ಮರಳು ಸಿಗುವುದಿಲ್ಲ, ಇಳಿಜಾರಿನ ದಾರಿಯಲ್ಲಿ ಲಾರಿ ಹತ್ತುವುದಿಲ್ಲ. ಬಡ್ಡಿ ನಿಲ್ಲುವುದಿಲ್ಲ. 10 ಲಕ್ಷ ಬಿಡುಗಡೆಯಾಗಿದ್ದರೆ ಶೇ 8.5ರಲ್ಲಿ ತಿಂಗಳಿಗೆ 7,083 ಬರೀ ಬಡ್ಡಿ, ನಾಲ್ಕು ತಿಂಗಳಿಗೆ 28,000. ಪೂರ್ತಿ ಕಂತು ಶುರುವಾಗುವ ತಿಂಗಳು ಮಂಜೂರಾತಿ ಪತ್ರದಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ 18 ತಿಂಗಳು. ಮನೆ ಮುಗಿಯದಿದ್ದರೂ ಅದು ಶುರುವಾಗುತ್ತದೆ.

ಆದ್ದರಿಂದ ಅರ್ಜಿ ಹಾಕುವ ಕಾಲ ಜುಲೈ-ಆಗಸ್ಟ್. ವಕೀಲರ ವರದಿ, ಮೌಲ್ಯಮಾಪನ ಮಳೆಯಲ್ಲೇ ಮುಗಿದು ದೀಪಾವಳಿ ಹೊತ್ತಿಗೆ ಮಂಜೂರಾತಿ ಕೈಗೆ ಬಂದರೆ, ನವೆಂಬರ್‌ನಲ್ಲಿ ಪಾಯ ತೆಗೆದು ಮೇ ಮುಗಿಯುವ ಮುಂಚೆ ಸ್ಲಾಬ್ ಹಾಕಿಬಿಡಬಹುದು. ಒಳಗಿನ ಗಾರೆ, ವೈರಿಂಗ್, ಟೈಲ್ಸ್ ಮಳೆಗಾಲಕ್ಕೆ. ಮಂಜೂರಾತಿಗೂ ಅವಧಿ ಇರುತ್ತದೆ, ಮಾರ್ಚ್‌ನಲ್ಲಿ ಪಡೆದು ಅಕ್ಟೋಬರ್‌ವರೆಗೆ ಸುಮ್ಮನಿದ್ದರೆ ಮತ್ತೆ ಮೊದಲಿಂದ.

ಅಂದಾಜು ಪಟ್ಟಿಯಲ್ಲಿ ತಡೆಗೋಡೆ, ಧರೆ ಕಡಿಯುವ ಖರ್ಚು, ಬಾವಿ ಅಥವಾ ಬೋರು, ದಾರಿಗೆ ಜಲ್ಲಿ, ಮೋರಿ ಎಲ್ಲ ಮೊದಲೇ ಬರೆಸಿ. ಸಾಲ ಮಂಜೂರಾದ ಮೇಲೆ ಇವಕ್ಕೆ ಹೆಚ್ಚುವರಿ ಕೇಳುವುದು ಹೊಸ ಅರ್ಜಿಯಷ್ಟೇ ಕಷ್ಟ. ಬಡ್ಡಿ ಹಣ ಬಿಡುಗಡೆಯಾದ ದಿನದಿಂದ ಮಾತ್ರ ಲೆಕ್ಕ, ಮಂಜೂರಾದ ದಿನದಿಂದ ಅಲ್ಲ. ಹಾಗೆ ಹಾಕಿದ್ದರೆ ವಾಪಸ್ ಕೇಳಿ.

ಹಳೆಯ ಹಂಚಿನ ಮನೆ ಕೊಳ್ಳಲು ಸಾಲ ಸಿಗುತ್ತದೆಯೇ?

ಸಿಗುತ್ತದೆ, ಕಡಿಮೆ. ಮಣ್ಣಿನ ಗೋಡೆ, ಮರದ ಜಂತಿ, ಹಂಚಿನ ಮಾಡು ಎಂದರೆ ಎಂಜಿನಿಯರ್ ಕಟ್ಟಡಕ್ಕೆ ಬೆಲೆ ಅಲ್ಪ ಹಾಕಿ ನೆಲದ ಬೆಲೆಯನ್ನಷ್ಟೇ ಹಿಡಿಯುತ್ತಾರೆ. ಹಲಸು-ಬೀಟೆಯ ಕಂಬಗಳಿಗೆ ನೀವು ಕೊಡುವ ಬೆಲೆ ಅವರ ಪಟ್ಟಿಯಲ್ಲಿ ಇಲ್ಲ. ಕಟ್ಟಡದ ಉಳಿದ ಆಯುಷ್ಯಕ್ಕಿಂತ ಸಾಲದ ಅವಧಿ ಹೆಚ್ಚಾಗದಂತೆ ನೋಡುವುದರಿಂದ 20 ವರ್ಷ ಕೇಳಿದರೆ 10 ಎನ್ನಬಹುದು. ಮುಂಗಡ ಕೊಡುವ ಮುಂಚೆ ಮೌಲ್ಯಮಾಪನ ಮಾಡಿಸಿ. ಕರಾರುಪತ್ರದಲ್ಲಿ "ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂದಿರುಗಿಸತಕ್ಕದ್ದು" ಎಂಬ ಸಾಲು ಹಾಕಿಸಿ.

ಅಡಿಕೆ ದುಡ್ಡು ಬಂದಾಗ ಒಟ್ಟಿಗೆ ಕಟ್ಟಬಹುದೇ? ದಂಡ ಇದೆಯೇ?

ವೈಯಕ್ತಿಕ ಫ್ಲೋಟಿಂಗ್ ಗೃಹಸಾಲಕ್ಕೆ ಬ್ಯಾಂಕು ಅವಧಿಪೂರ್ವ ಪಾವತಿಯ ಶುಲ್ಕ ಹಾಕುವಂತಿಲ್ಲ. ಫಿಕ್ಸೆಡ್‌ಗೆ ಹಾಕಬಹುದು.

ಮೊದಲ ವರ್ಷಗಳಲ್ಲೇ ಕಟ್ಟಿ. 25 ಲಕ್ಷ, ಶೇ 8.5, 20 ವರ್ಷದ ಸಾಲದಲ್ಲಿ ಮೊದಲ ವರ್ಷ ನೀವು ಕಟ್ಟುವ 2.6 ಲಕ್ಷದಲ್ಲಿ ಅಸಲಿಗೆ ಹೋಗುವುದು 50,000ಕ್ಕೂ ಕಡಿಮೆ. ಆ ವರ್ಷದ ಕೊನೆಗೆ 1 ಲಕ್ಷ ಹೆಚ್ಚುವರಿ ಕಟ್ಟಿ, ಕಂತು ಹಾಗೇ ಇಟ್ಟರೆ ಕೊನೆಯ 21 ಕಂತು ಕಳಚಿಹೋಗುತ್ತವೆ, ಉಳಿತಾಯ ಸುಮಾರು 3.6 ಲಕ್ಷ. ಕಟ್ಟುವಾಗ "ಅವಧಿ ಕಡಿಮೆ ಮಾಡಿ" ಎಂದು ಬರೆದುಕೊಟ್ಟು, ಹೊಸ ಕಂತುಪಟ್ಟಿ ಪಡೆದುಕೊಳ್ಳಿ. ಸುಮ್ಮನೆ ಖಾತೆಗೆ ಹಾಕಿದ ಹಣವನ್ನು ಮುಂದಿನ ಕಂತುಗಳ ಮುಂಗಡ ಎಂದು ತೆಗೆದುಕೊಳ್ಳುವುದೂ ಉಂಟು.

ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಬರುವವರಿಗೆ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಚೆನ್ನಾಗಿ ಹೊಂದುತ್ತದೆ. ಫೆಬ್ರುವರಿಯಲ್ಲಿ ಅಡಿಕೆ ಮಾರಿದ 4 ಲಕ್ಷ ಆ ಖಾತೆಯಲ್ಲಿ ಬಿದ್ದಿರುವಷ್ಟು ದಿನ ಅಷ್ಟು ಹಣಕ್ಕೆ ಬಡ್ಡಿ ಇಲ್ಲ, ಔಷಧಿ ಹೊಡೆಯಲು, ಗೊಬ್ಬರಕ್ಕೆ ಬೇಕಾದಾಗ ತೆಗೆಯಬಹುದು. ದರ ಸ್ವಲ್ಪ ಹೆಚ್ಚು. ತೆಗೆಯಲು ಕೈ ತುರಿಸುವವರಿಗೆ ಇದು ಬೇಡ.

ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿದರೆ ಲಾಭವೇ?

20 ಲಕ್ಷ ಬಾಕಿ, 15 ವರ್ಷ ಉಳಿದಿದ್ದು, ಶೇ 9ರಿಂದ 8.5ಕ್ಕೆ ಹೋದರೆ ತಿಂಗಳಿಗೆ 591, ಒಟ್ಟು 1.06 ಲಕ್ಷ ಉಳಿತಾಯ. ಅದರಿಂದ ಹೊಸ ಪ್ರೊಸೆಸಿಂಗ್, ವಕೀಲರ ಶುಲ್ಕ, ಅಡಮಾನ ನೋಂದಣಿಯ ಖರ್ಚು ಕಳೆಯಿರಿ. ಮೊದಲು ಇರುವ ಬ್ಯಾಂಕಿನಲ್ಲೇ ದರ ಇಳಿಸಲು ಲಿಖಿತವಾಗಿ ಕೇಳಿ, ಬದಲಾವಣೆ ಶುಲ್ಕ ಕೊಟ್ಟು ಹೊಸ ದರಕ್ಕೆ ಬರುವುದು ಅಗ್ಗ. ಬಾಕಿ ಐದಾರು ವರ್ಷವಷ್ಟೇ ಇದ್ದರೆ ಓಡಾಟ ವ್ಯರ್ಥ.

ತೆರಿಗೆ ರಿಯಾಯಿತಿ, ಸರ್ಕಾರದ ಸಬ್ಸಿಡಿ?

ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ ಒಟ್ಟು 1.5 ಲಕ್ಷದ ಮಿತಿಯೊಳಗೆ ರಿಯಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರಿಗೆ, 35 ಲಕ್ಷದೊಳಗಿನ ಮನೆಗೆ, 25 ಲಕ್ಷದೊಳಗಿನ ಸಾಲಕ್ಕೆ ಬಡ್ಡಿ ಸಬ್ಸಿಡಿ ಇದೆ: ಮೊದಲ 8 ಲಕ್ಷಕ್ಕೆ ಶೇ 4, ಐದು ವಾರ್ಷಿಕ ಕಂತಿನಲ್ಲಿ ಗರಿಷ್ಠ 1.80 ಲಕ್ಷ. ಸಾಲದ ಅರ್ಜಿಯ ಜೊತೆಗೇ ಕೇಳಿ.

ಕಂತು ತಪ್ಪಿದರೆ?

ಒಂದು ಕಂತು ತಪ್ಪಿದರೆ ದಂಡ ಶುಲ್ಕ ಬೀಳುತ್ತದೆ. 2024ರಿಂದ ಅದನ್ನು ಬಡ್ಡಿಗೆ ಸೇರಿಸಿ ಚಕ್ರಬಡ್ಡಿ ಮಾಡುವಂತಿಲ್ಲ. 90 ದಿನ ಬಾಕಿ ಉಳಿದರೆ ಸಾಲ ಅನುತ್ಪಾದಕ ಎಂದಾಗುತ್ತದೆ. ನಂತರ ಸರ್ಫೇಸಿಯಡಿ 60 ದಿನದ ನೋಟಿಸು, ಅದಾದ ಮೇಲೆ ಸ್ವಾಧೀನ. ಕೊಳೆರೋಗದಲ್ಲಿ ಫಸಲು ಹೋದ ವರ್ಷ ಎರಡನೇ ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ ಮರುಹೊಂದಾಣಿಕೆ ಕೇಳಿ. ತೊಂಬತ್ತನೇ ದಿನ ದಾಟಿದ ಮೇಲೆ ಮ್ಯಾನೇಜರ್ ಕೈಯಲ್ಲಿ ಉಳಿಯುವುದು ಕಡಿಮೆ.

ದೂರು ಕೊಡುವುದು ಎಲ್ಲಿ?

ಮೊದಲು ಬ್ಯಾಂಕಿಗೇ ಲಿಖಿತ ದೂರು, ಸ್ವೀಕೃತಿ ಸಮೇತ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ), ಶುಲ್ಕವಿಲ್ಲ. ಹೌಸಿಂಗ್ ಫೈನಾನ್ಸ್ ಕಂಪನಿಯ ಮೇಲಿನ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ.

ಸಾಲ ತೀರಿದ ಮೇಲೆ ಏನೇನು ವಾಪಸ್ ಪಡೆಯಬೇಕು?

ಸಾಲ ಪಡೆಯುವಾಗ ಕೊಟ್ಟ ಮೂಲ ದಾಖಲೆಗಳ ಪಟ್ಟಿಗೆ ಬ್ಯಾಂಕಿನ ಸಹಿ-ಮೊಹರು ಹಾಕಿಸಿಕೊಂಡಿದ್ದರೆ ಈಗ ಅದು ಕೆಲಸಕ್ಕೆ ಬರುತ್ತದೆ. ಪೂರ್ತಿ ತೀರಿದ 30 ದಿನದಲ್ಲಿ ಎಲ್ಲ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ತಡವಾದರೆ, ತಪ್ಪು ಬ್ಯಾಂಕಿನದ್ದಾದರೆ, ದಿನಕ್ಕೆ 5,000 ರೂಪಾಯಿ ನಿಮಗೆ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಬಾಕಿ ಇಲ್ಲದ ಪತ್ರ ತೆಗೆದುಕೊಳ್ಳಿ. ಅಡಮಾನ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ತಿಂಗಳ ನಂತರ ಹೊಸ ಇ.ಸಿ. ತೆಗೆದು ಆ ನಮೂದು ಬಂದಿದೆಯೇ ನೋಡಿ, ಸಿಬಿಲ್ ವರದಿಯಲ್ಲಿ ಖಾತೆ ಮುಕ್ತಾಯ ಎಂದಿದೆಯೇ ನೋಡಿ. ಪಹಣಿಯಲ್ಲೋ ಖಾತೆಯಲ್ಲೋ ಬ್ಯಾಂಕಿನ ಹೆಸರು ಕೂತಿದ್ದರೆ ಅದನ್ನೂ ಅದೇ ಓಡಾಟದಲ್ಲಿ ತೆಗೆಸಿಬಿಡಿ.